ಜಗಲಿ ಮೇಲಿನ ಲಡಾಯಿ ಬಿಲ್ಲೆ

ಎದುರಿನ ಖಾಲಿ ಮನೆಗೆ ಒಂದು ದಿನ ನಿಜವಾದ ಯೋಧನೇ ಬಾಡಿಗೆಗೆ ಬಂದಾನು ಎಂಬ ಸಣ್ಣ ಸಂಗತಿಯನ್ನು ಫಕೀರೇಶ ತನ್ನ ಮನೆಗೆ ‘ಯೋಧ ನಿಲಯ’ ಎಂದು ಹೆಸರಿಡುವಾಗ ಯೋಚಿಸಿರಲಿಲ್ಲ.

ಯೋಚಿಸಬೇಕಿತ್ತು. ಹಿಂದೆ ಮುಂದೆ ನೋಡುವುದೇ ಅವನ ಹೊಟ್ಟೆಪಾಡು. ತಾರಿಹಾಳದ ಒಂದು ವಾಲ್ವ್ ಕಾರ್ಖಾನೆಯಲ್ಲಿ ಅವನು ಇಪ್ಪತ್ತೆಂಟು ವರ್ಷಗಳಿಂದ ಸ್ಟೋರ್ ಕೀಪರ್. ಅವನ ಕಿಟಕಿ ದಾಟಿ ಚೀಟಿಯಿಲ್ಲದೆ ಒಂದು ನಟ್ಟೂ ಹೊರಗೆ ಹೋದದ್ದಿಲ್ಲ. ಆ ಚೀಟಿಯಲ್ಲಿ ಮಾಲಿನ ಹೆಸರು, ಒಯ್ಯುವವನ ಸಹಿ, ಮರಳಿಸುವ ತಾರೀಖು ಮೂರೂ ಇರಲೇಬೇಕು. ಒಮ್ಮೆ ಮಾಲೀಕರೇ ನಟ್ಟು ಬಿಗಿಯುವ ಒಂದು ಪಾನಾ ಎತ್ತಿಕೊಂಡು ಹೊರಟಾಗ, ಮರಳಿಸುವ ತಾರೀಖು ಬರೆಯದೆ ಬಿಡುವುದಿಲ್ಲವೆಂದು ಬಾಗಿಲಿಗೆ ಅಡ್ಡ ನಿಂತಿದ್ದ. ಯಾವ ಮನುಷ್ಯನೂ ಯಾವ ವಸ್ತುವನ್ನೂ ಸುಮ್ಮನೆ ಮುಟ್ಟುವುದಿಲ್ಲ ಎಂಬುದು ಅವನ ಗಟ್ಟಿ ನಂಬಿಕೆ. ಹೀಗೆ ಊರವರ ಕೈಚೀಲ, ಟಿಫಿನ್ ಡಬ್ಬಿಗಳನ್ನೆಲ್ಲ ಸಂಶಯದಿಂದ ನೋಡುವ ಈ ಮಹಾನುಭಾವ, ತನ್ನದೇ ಮನೆಯ ದೇವರ ಜಗಲಿಯ ಮೇಲೆ ಎಪ್ಪತ್ತೈದು ವರ್ಷದಿಂದ ಚೀಟಿಯಿಲ್ಲದೆ ಕೂತಿದ್ದ ಒಂದು ಮಾಲಿನ ಬಗ್ಗೆ ಮಾತ್ರ ಯಾವತ್ತೂ ವಿಚಾರಿಸಿರಲಿಲ್ಲ.

ಅದು ಲಡಾಯಿ ಬಿಲ್ಲೆ. ಅವನ ಅಜ್ಜ ಫಕೀರಪ್ಪ ಎರಡನೇ ಮಹಾಯುದ್ಧದಲ್ಲಿ ಹೋರಾಡಿ ಗೆದ್ದು ತಂದ ಪದಕ ಎಂಬುದು ಮನೆಯ ಮಾತು. ಲಡಾಯಿಯಿಂದ ಬಂದ ಮೇಲೆ ಅಜ್ಜ ಹಳೇ ಹುಬ್ಬಳ್ಳಿಯಲ್ಲಿ ಅದೇನೋ ಅಂಗಡಿ ಇಟ್ಟಿದ್ದರಂತೆ. ಆ ಅಂಗಡಿಯ ಸುದ್ದಿಯನ್ನು ಫಕೀರೇಶ ಹೆಚ್ಚು ಹೇಳುತ್ತಿರಲಿಲ್ಲ. ಜಗಲಿಯಲ್ಲಿ ಲಿಂಗ, ಊರದೇವಿ ದ್ಯಾಮವ್ವನ ಬೆಳ್ಳಿ ಮೂರ್ತಿ, ದ್ಯಾಮವ್ವನ ಮಗ್ಗುಲಿಗೆ ಈ ಬಿಲ್ಲೆ. ತಾಯಿ ಶಿವಬಸವ್ವ ಆ ಮನೆಗೆ ಸೊಸೆಯಾಗಿ ಬಂದ ದಿನದಿಂದ ಪ್ರತಿ ಅಮಾವಾಸ್ಯೆಗೆ ಹುಣಸೆಹಣ್ಣು, ಬೂದಿ ಹಾಕಿ ಅದನ್ನು ತಿಕ್ಕುತ್ತ ಬಂದಿದ್ದಳು. ಒಂದು ಬದಿಗೆ ಕಿರೀಟ ಹಾಕಿದ ಗಂಡಸಿನ ಮುಖವಿತ್ತು. ತಿಕ್ಕಿ ತಿಕ್ಕಿ ಕಿರೀಟ ಸವೆದು ತಲೆಗೆ ಸುತ್ತಿದ ಪಟಗದ ಹಾಗೆ ಕಾಣುತ್ತಿತ್ತು, ಮೂಗೊಂದು ಗಟ್ಟಿಯಾಗಿ ಉಳಿದಿತ್ತು. ಅದು ತನ್ನ ಮಾವನ ಚಿತ್ರ, ಸರಕಾರವೇ ಅಚ್ಚು ಹಾಕಿಸಿ ಕೊಟ್ಟಿದ್ದು ಎಂದು ಶಿವಬಸವ್ವ ಹೇಳುತ್ತಿದ್ದಳು. ಸಾಕ್ಷಿ ಬೇಕೆಂದವರಿಗೆ ಮಗನ ಮೂಗು ತೋರಿಸುತ್ತಿದ್ದಳು. ಇನ್ನೊಂದು ಬದಿಗೆ ಏನನ್ನೋ ತುಳಿದು ನಿಂತ ಸಿಂಹ. ಅದು ದ್ಯಾಮವ್ವನ ಸಿಂಹವೆಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಇಂಗ್ಲಿಷರ ಸರಕಾರ ದ್ಯಾಮವ್ವನಿಗೆ ಯಾವಾಗ ಭಕ್ತಿಯಿಂದ ನಡೆದುಕೊಳ್ಳುತ್ತಿತ್ತು ಎಂದೂ ಯಾರೂ ಕೇಳಿರಲಿಲ್ಲ.

ಈ ಬಿಲ್ಲೆಯ ಬಲದ ಮೇಲೆ ಫಕೀರೇಶ ಕಾಲನಿಯಲ್ಲಿ ಹನ್ನೊಂದು ವರ್ಷ ಬಾಳಿದ್ದ. ಉಳಿದವರಲ್ಲಿ ಒಬ್ಬರು ಇಂಜಿನಿಯರು, ಒಬ್ಬರು ಪ್ರೊಫೆಸರು, ಒಬ್ಬರಿಗೆ ಎರಡು ಔಷಧದ ಅಂಗಡಿ. ಅಂಥವರ ನಡುವೆ ಸ್ಟೋರ್ ಕೀಪರನಿಗೆ ಯಾರು ಕುರ್ಚಿ ಹಾಕುತ್ತಾರೆ? ಯೋಧನ ಮೊಮ್ಮಗನಿಗೆ ಹಾಕಿದರು. ಗಣಪತಿ ಕೂಡಿಸುವ ಸಭೆಯಿರಲಿ, ನೀರಿನ ಟಾಕಿ ತೊಳೆಸುವ ಸಭೆಯಿರಲಿ, ಮೊದಲ ಸಾಲಿನಲ್ಲಿ ಅವನಿಗೊಂದು ಕುರ್ಚಿ. ಅವನು ಜೀವನದಲ್ಲಿ ಹೆಚ್ಚೇನೂ ಬೇಡಿದವನಲ್ಲ. ಆ ಕುರ್ಚಿ ಒಂದಿದ್ದರೆ ಸಾಕಿತ್ತು.

ಜುಲೈ ತಿಂಗಳ ಮೂರನೇ ವಾರ ಎದುರು ಮನೆಗೆ ನಿವೃತ್ತ ಸುಬೇದಾರ ದ್ಯಾಮಣ್ಣನವರು ಬಂದರು. ಜೊತೆಗೆ ಹೆಂಡತಿ ರಾಜೇಶ್ವರಿ, ಫೋನನ್ನು ಅಂಗೈಯಿಂದ ಕೆಳಗಿಡದ ಮಿತಮಾತಿನ ಹೆಂಗಸು. ಇದ್ದೊಬ್ಬ ಮಗ ಬಸವಕಿರಣನೂ ಸೈನ್ಯದಲ್ಲಿದ್ದ, ಎಲ್ಲೋ ಹಿಮದ ಗಡಿಯಲ್ಲಿ. ಸುಬೇದಾರರು ಲಾರಿಯಿಂದ ಸಾಮಾನು ಇಳಿಸುವ ಮೊದಲೇ ರಸ್ತೆ ದಾಟಿ ಬಂದು ‘ಯೋಧ ನಿಲಯ’ ಎಂದು ಕೆತ್ತಿದ ಕಲ್ಲಿಗೆ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು. ಫಕೀರೇಶ ಲುಂಗಿಯಲ್ಲಿದ್ದ. ಏನು ಮಾಡಬೇಕೋ ತಿಳಿಯದೆ ಅವನೂ ಒಂದು ಸೆಲ್ಯೂಟ್ ಹೊಡೆದ, ಎಡಗೈಯಲ್ಲಿ. ಬಲಗೈಯಲ್ಲಿ ಲುಂಗಿ ಹಿಡಿದಿದ್ದ. ಸುಬೇದಾರರ ಸಂಶಯ ಶುರುವಾದದ್ದು ಅಲ್ಲಿಂದಲೇ.

“ಅಜ್ಜಾರು ಯಾವ ಪಲ್ಟನ್‌ರಿ?” ಎಂದರು.

“ದೊಡ್ಡದ್ರಿ,” ಎಂದ ಫಕೀರೇಶ.

“ನಂಬರ್?”

“ಭಾಳ ಹಿಂದಿನ ಮಾತ್ರಿ ಸಾಹೇಬ್ರ. ಆಗ ಇನ್ನೂ ನಂಬರ್ ಬಂದಿದ್ದಿಲ್ಲ.”

ಸುಬೇದಾರರು ಅವನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದರು. ನಂಬರಿಲ್ಲದ ಸಿಪಾಯಿಯನ್ನು ಅವರು ಮೂವತ್ತು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ. ಆದರೂ ಸಭ್ಯಸ್ಥರು. ಆಗಸ್ಟ್ ಹದಿನೈದಕ್ಕೆ ಯೋಧನ ಮೊಮ್ಮಗನಿಗೆ ಶಾಲು ಹೊದಿಸಬೇಕೆಂದು ಕಾಲನಿ ಕಮಿಟಿ ಮೊದಲೇ ಠರಾವು ಮಾಡಿತ್ತು. ಆ ಶಾಲನ್ನು ತಾನೇ ಕೈಯಾರೆ ಹೊದಿಸುವುದಾಗಿಯೂ, ಪಲ್ಟನ್ನು ಮತ್ತು ನಂಬರು ಸಿಕ್ಕರೆ ಭಾಷಣಕ್ಕೆ ಅನುಕೂಲವಾಗುವುದಾಗಿಯೂ ಹೇಳಿ ಹೋದರು. ಆ ಮಾತಿನಲ್ಲಿ ಸಕ್ಕರೆಯಿತ್ತು, ಒಳಗೆ ಗಾಳವೂ ಇತ್ತು. ಫಕೀರೇಶ ರಾತ್ರಿಯೆಲ್ಲ ಮಗ್ಗುಲು ಬದಲಿಸಿದ.

ಮರುದಿನ ತಾಯಿ ಸ್ನಾನಕ್ಕೆ ಹೋದ ಹೊತ್ತು ನೋಡಿ ಅವನು ಬಿಲ್ಲೆಯನ್ನು ಜಗಲಿಯಿಂದ ಎತ್ತಿ ಟಿಫಿನ್ ಡಬ್ಬಿಯಲ್ಲಿ, ರೊಟ್ಟಿಯ ಕೆಳಗೆ ಇಟ್ಟುಕೊಂಡ. ಅರ್ಧ ದಿನ ರಜೆ ಹಾಕಿ ಧಾರವಾಡಕ್ಕೆ ಹೋದ. ಮಾಜಿ ಸೈನಿಕರ ಕಾಗದಪತ್ರ ನೋಡುವ ಕಚೇರಿಯೊಂದನ್ನು ಹುಡುಕಿ, ಅಲ್ಲಿಯ ಕ್ಲಾರ್ಕಿನ ಮೇಜಿನ ಮೇಲೆ ಅಜ್ಜನ ಮರಣದ ದಾಖಲೆಯ ಝೆರಾಕ್ಸ್ ಇಟ್ಟ. ಕ್ಲಾರ್ಕು ಕನ್ನಡಕದ ಮೇಲಿನಿಂದ ನೋಡಿ, ಪಿಂಚಣಿಗೋ ಎಂದು ಕೇಳಿದರು. ಅಲ್ಲ ಎಂದ. ಜಮೀನು ಮಂಜೂರಿಗೋ? ಅಲ್ಲ. ಮಕ್ಕಳಿಗೆ ಸೀಟು ಗೀಟು? ಅದೂ ಅಲ್ಲ. ಮತ್ತೇನು ಎಂದರು.

“ಸುಮ್ಮನ ರಿ. ಅಜ್ಜಾರ ಬಗ್ಗೆ ತಿಳಕೊಳ್ಳೂಣು ಅಂತ.”

ಕ್ಲಾರ್ಕು ಪೆನ್ನು ಕೆಳಗಿಟ್ಟರು. ಮಗ್ಗುಲ ಕೋಣೆಯ ಸಹೋದ್ಯೋಗಿಯನ್ನು ಕರೆದು, ಸುಮ್ಮನೆ ಬಂದ ಮನುಷ್ಯನನ್ನು ತೋರಿಸಿದರು. ಇಬ್ಬರೂ ಸ್ವಲ್ಪ ಹೊತ್ತು ನೋಡಿದರು.

“ಸುಮ್ಮನ ಯಾರೂ ಬರೂದಿಲ್ಲರಿ ಇಲ್ಲಿ,” ಎಂದರು ಕ್ಲಾರ್ಕು. “ಖರೇ ಏನೈತಿ ಹೇಳ್ರಿ.”

ಇದು ಫಕೀರೇಶ ಇಪ್ಪತ್ತೆಂಟು ವರ್ಷ ತನ್ನ ಕಿಟಕಿಯಲ್ಲಿ ಕೂತು ಬೇರೆಯವರಿಗೆ ಹೇಳಿದ ಮಾತೇ. ಅದರ ರುಚಿ ಹೇಗಿರುತ್ತದೆಂದು ಅವನಿಗೆ ಅವತ್ತು ಗೊತ್ತಾಯಿತು. ಪಲ್ಟನ್ನಿನ ಹೆಸರು, ನಂಬರು ತಂದರೆ ಉಳಿದದ್ದನ್ನು ಹುಡುಕಬಹುದು ಎಂದು ಕ್ಲಾರ್ಕು ಹೇಳಿದರು. ಅದನ್ನೇ ಕೇಳಲು ಬಂದೆನೆಂದು ಇವನು ಹೇಳಿದ. ಮಾತು ಅಲ್ಲಿಗೆ ನಿಂತಿತು. ರೊಟ್ಟಿಯ ಕೆಳಗಿನ ಬಿಲ್ಲೆಯನ್ನು ಹೊರಗೆ ತೆಗೆಯಲು ಅವನಿಗೆ ಧೈರ್ಯವೇ ಬರಲಿಲ್ಲ.

ಕೆಳಗಿನ ಝೆರಾಕ್ಸ್ ಅಂಗಡಿಯಲ್ಲಿ ಅವನ ಕಾಕಾನ ಮಗ ವಿನೋದ ನಿಂತಿದ್ದ. ಈತ ಲಕಮನಹಳ್ಳಿಯಲ್ಲಿದ್ದುಕೊಂಡು ಸೈಟುಗಳ ವ್ಯವಹಾರ ಮಾಡುವವನು. ಫಕೀರೇಶನ ಕೈಯಲ್ಲಿ ಅಜ್ಜನ ಮರಣದ ದಾಖಲೆ ಕಂಡಿತು. ಅವನು ಬಂದ ಮೆಟ್ಟಿಲ ಮೇಲಿನ ಬೋರ್ಡು ಕಂಡಿತು. ವಿನೋದನಿಗೆ ಮುಂದಿನದನ್ನು ಯಾರೂ ಹೇಳಬೇಕಾಗಲಿಲ್ಲ.

ಅವತ್ತು ಸಂಜೆ ಫಕೀರೇಶ ಮನೆಗೆ ಬಂದ. ಜಗಲಿಯಲ್ಲಿ ಬಿಲ್ಲೆ ಇಲ್ಲವೆಂದು ಶಿವಬಸವ್ವ ಸೊಸೆ ಸುಮಲತಾಳನ್ನು ನೋಡುತ್ತಿದ್ದಳು. ಸುಮಲತಾ ಗಂಡನ ಟಿಫಿನ್ ಡಬ್ಬಿಯನ್ನು ನೋಡುತ್ತಿದ್ದಳು, ಏಕೆಂದರೆ ಗಂಡ ಅದನ್ನು ಎಂದಿನಂತೆ ತೊಳೆಯಲು ಕೊಡದೆ ಎದೆಗೆ ಅವಚಿಕೊಂಡು ನಿಂತಿದ್ದ. ಈ ಮೂವರ ನಡುವೆ ಸೋಫಾದಲ್ಲಿ ಎಂಟು ವರ್ಷದಿಂದ ಈ ಕಡೆ ತಲೆ ಹಾಕದ ವಿನೋದ ಒಂದು ಡಜನ್ ಬಾಳೆಹಣ್ಣಿನೊಂದಿಗೆ ಕೂತಿದ್ದ. ಅಷ್ಟರಲ್ಲೇ ದೊಡ್ಡವ್ವನ ಕಾಲಿಗೆ ಎರಡು ಸಲ ಬಿದ್ದಾಗಿತ್ತು.

ಎಷ್ಟು ಎಕರೆ ಎಂದು ಅವನು ನೇರವಾಗಿಯೇ ಕೇಳಿದ. ಸೈನಿಕರಿಗೆ ಸರಕಾರ ಜಮೀನು ಕೊಡುತ್ತದೆಂಬುದು ತನಗೆ ಗೊತ್ತಿದೆಯೆಂದೂ, ಅಜ್ಜ ಇಬ್ಬರಿಗೂ ಅಜ್ಜನೇ ಎಂದೂ ನೆನಪಿಸಿದ. ಜಮೀನು ಇಲ್ಲ ಎಂದು ಫಕೀರೇಶ ಹೇಳಿದಾಗ ಅದು ಒಣ ಬೇಸಾಯದ ಜಮೀನಿರಬೇಕೆಂದು ತಿಳಿದ. ದೇವರಾಣೆ ಇಲ್ಲ ಎಂದಾಗ ನೀರಾವರಿ ಎಂದುಕೊಂಡ. ತಾಯಿಯಾಣೆ ಇಲ್ಲ ಎಂದು ಶಿವಬಸವ್ವನ ತಲೆ ಮುಟ್ಟಿದಾಗ, ಬೈಪಾಸಿನ ಮಗ್ಗುಲಿಗೇ ಇದೆಯೆಂದು ಖಾತ್ರಿ ಮಾಡಿಕೊಂಡು ಎದ್ದ. ಅಂದಿನಿಂದ ಫಕೀರೇಶ ಎಲ್ಲಿ ಹೋದರೂ ನೂರು ಗಜ ಹಿಂದೆ ಒಂದು ಕೆಂಪು ಸ್ಕೂಟರ್ ಕಾಣತೊಡಗಿತು.

ಬಿಲ್ಲೆ ಮರಳಿ ಜಗಲಿಗೆ ಬಂತು. ಆದರೆ ಒಮ್ಮೆ ಇಳಿದ ಬಿಲ್ಲೆಯ ಸುದ್ದಿ ಕಾಲನಿಯಲ್ಲಿ ಇಳಿಯಲಿಲ್ಲ. ಹದಿನೈದಕ್ಕೆ ಮೂರು ದಿನ ಉಳಿದಾಗ ಸುಬೇದಾರರು ಕಮಿಟಿಯ ಸೆಕ್ರೆಟರಿಯನ್ನು ಜೊತೆಗೆ ಕರೆದುಕೊಂಡು, ಕಿಸೆಯಲ್ಲಿ ಭೂತಗನ್ನಡಿ ಇಟ್ಟುಕೊಂಡು ಬಂದರು. ಪದಕದ ದರ್ಶನ ಮಾಡಬೇಕಂತೆ. ಜಗಲಿಯ ದೇವರನ್ನು ಹೊರಗಿನವರಿಗೆ ಮುಟ್ಟಿಸುವುದಿಲ್ಲ ಎಂದು ಶಿವಬಸವ್ವ ತಕರಾರು ತೆಗೆದಳು. ಸುಬೇದಾರರು ಬೂಟು ಕಳಚಿ, ಕೈಕಾಲು ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು ನಿಂತರು. ಇನ್ನು ಬೇಡವೆನ್ನಲು ಕಾರಣ ಉಳಿಯಲಿಲ್ಲ.

ಮೊದಲು ಅವರು ಮುಖದ ಬದಿ ನೋಡಿ, ಇದು ಇಂಗ್ಲೆಂಡಿನ ರಾಜನ ಮುಖ, ಆ ಕಾಲದ ಪದಕಗಳಲ್ಲೆಲ್ಲ ಇರುತ್ತದೆ ಎಂದರು.

“ಹಂಗಾರ ನಮ್ಮ ಮಾವನ ಮೂಗು ಅಂವಗ ಹೆಂಗ ಬಂತು?” ಎಂದು ಶಿವಬಸವ್ವ ಕೇಳಿದಳು. ಅವಳಿಗೆ ರಾಜನ ಮೇಲೆಯೇ ಸಂಶಯ.

ಸುಬೇದಾರರು ಬಿಲ್ಲೆಯ ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದರು. ಸಿಪಾಯಿಯ ಹೆಸರು, ನಂಬರು ಅಂಚಿಗೇ ಹೊಡೆದಿರುತ್ತದಂತೆ. ಅರವತ್ತು ವರ್ಷದ ಹುಣಸೆಹಣ್ಣು ಅದನ್ನೆಲ್ಲ ನುಣ್ಣಗೆ ನುಂಗಿಬಿಟ್ಟಿತ್ತು. ಬಿಲ್ಲೆಯ ನೆತ್ತಿಗೆ ಕೊಂಡಿ ಕೂತಿರುವ ಕಡೆ ಮಾತ್ರ ಶಿವಬಸವ್ವನ ಬೆರಳು ಹೋಗಿರಲಿಲ್ಲ. ಅಲ್ಲಿ ಕೆಲವು ಇಂಗ್ಲಿಷ್ ಅಕ್ಷರ ಉಳಿದಿದ್ದವು. ಸುಬೇದಾರರು ಭೂತಗನ್ನಡಿ ಹತ್ತಿರ ತಂದು, ದೂರ ಒಯ್ದು, ಮತ್ತೆ ಹತ್ತಿರ ತಂದು ಓದಿದರು.

“ಇಮಾಮಸಾಬ,” ಎಂದರು.

ಅಡುಗೆಮನೆಯಲ್ಲಿ ಕುಕ್ಕರು ಮೂರು ಸೀಟಿ ಹೊಡೆದು ಸುಮ್ಮನಾಯಿತು.

“ಇದು ನಿಮ್ಮಜ್ಜಂದಲ್ಲರಿ ಫಕೀರೇಶ. ಇಮಾಮಸಾಬ ಅನ್ನೂ ಸಿಪಾಯಿದು. ಒಬ್ಬ ಸಿಪಾಯಿ ಅನ್ನ ಬಿಟ್ಟಾನು, ಪದಕ ಬಿಡೂದಿಲ್ಲ. ನಿಮ್ಮ ಮನಿಗೆ ಇದು ಹೆಂಗ ಬಂತು, ಅದನ್ನ ಹೇಳ್ರಿ.”

ಸೆಕ್ರೆಟರಿಯ ದೃಷ್ಟಿ ಕಿಟಕಿಯಾಚೆ ಫಕೀರೇಶನ ಅಂಗಳದ ಹೂಕುಂಡಗಳ ಮೇಲೆ ಹೋಯಿತು. ಹೋದ ವರ್ಷ ಅವರ ಎರಡು ಹೂಕುಂಡ ಕಳೆದಿದ್ದವು. ಶಾಲನ್ನಂತೂ ತಂದಾಗಿದೆ, ಯಾರಿಗೆ ಹೊದಿಸುವುದೆಂದು ಆಮೇಲೆ ನೋಡೋಣ ಎಂದು ಅವರು ಮೆಲ್ಲಗೆ ಹೇಳಿದರು. ಹದಿನೈದರೊಳಗೆ ಸಮಜಾಯಿಷಿ ಸಿಗದಿದ್ದರೆ ಪದಕವನ್ನು ಪೊಲೀಸ್ ಠಾಣೆಗೆ ಒಪ್ಪಿಸುವುದಾಗಿ ಸುಬೇದಾರರು ಜೋರಾಗಿ ಹೇಳಿದರು. ಇಬ್ಬರೂ ಹೋದರು.

ಫಕೀರೇಶ ಜಗಲಿಯ ಮುಂದೆ ಕುಸಿದು ಕೂತ. ಮೂರು ವಾರದ ಹಿಂದೆ ಅವನ ಅಜ್ಜ ಯೋಧನಾಗಿದ್ದ. ಈಗ ಕಳ್ಳನಾಗುವುದಕ್ಕೆ ಮೂರು ದಿನ ಉಳಿದಿದ್ದವು. ಕುರ್ಚಿ ಹೋದರೆ ಹೋಗಲಿ. ಚೀಟಿಯಿಲ್ಲದೆ ನಟ್ಟು ಬಿಡದ ತನಗೆ ಇಟ್ಟಿರುವುದೇ ಆ ಅಜ್ಜನ ಹೆಸರು, ಆ ಹೆಸರಿಗೇ ಕಳವಿನ ಮಾಲು ಅಂಟಿದರೆ ನಾಳೆ ಕಿಟಕಿಯಲ್ಲಿ ಯಾವ ಮುಖ ಹೊತ್ತು ಕೂರುವುದು? ಅವನಿಗೆ ನಿಜವಾಗಿಯೂ ಅಳು ಬಂತು.

“ಇಮಾಮಸಾಬ ಅಂದರೇನು, ಟ್ರಂಕಿನ ಓಣಿ ಇಮಾಮಸಾಬ?” ಎಂದಳು ಶಿವಬಸವ್ವ, ಬಿಲ್ಲೆಗೆ ಕುಂಕುಮ ಹಚ್ಚುತ್ತ. “ನಮ್ಮತ್ತಿ ಸಾಯೂ ಮುಂದ ಹೇಳಿದ್ದಳು, ಇದನ್ನ ಯಾರಿಗೂ ಕೊಡಬ್ಯಾಡ, ಟ್ರಂಕಿನ ಓಣಿ ಇಮಾಮಸಾಬನ ಮನ್ಯಾವರು ಬಂದ ಕೇಳಿದರ ಅಷ್ಟ ಕೊಡು ಅಂತ.”

“ಅವ್ವಾ, ಇಷ್ಟ ವರ್ಷ ಯಾಕ ಹೇಳಲಿಲ್ಲ?”

“ನೀ ಎಲ್ಲಿ ಕೇಳಿದಿ? ಮೂಗು ಯಾರದಂತ ಕೇಳಿದಿ, ಹೇಳಿದೆ.”

ಮರುದಿನ ಬೆಳಿಗ್ಗೆಯೇ ಫಕೀರೇಶ ಹಳೇ ಹುಬ್ಬಳ್ಳಿಗೆ ಹೋದ. ಎದುರಿಗೆ ಎರಡು ಸೈಕಲ್ ಬಂದರೆ ಒಂದು ಹಿಂದೆ ಸರಿಯಬೇಕಾದ ಓಣಿ, ಎರಡೂ ಬದಿಗೆ ತಗಡು ಬಡಿಯುವ ಸದ್ದು. ಇಮಾಮಸಾಬರ ಮೊಮ್ಮಗ ಜಾವೀದ ಮನೆಯ ಮುಂದಿನ ಅಂಗಡಿಯಲ್ಲಿ ಟ್ರಂಕೊಂದಕ್ಕೆ ಹಿಡಿಕೆ ಬಡಿಯುತ್ತಿದ್ದ. ಇಮಾಮಸಾಬರ ಬಗ್ಗೆ ತಿಳಿಯಬೇಕು ಎಂದಾಗ ಅವನ ಸುತ್ತಿಗೆ ನಿಲ್ಲಲಿಲ್ಲ. ಯಾವ ಬ್ಯಾಂಕಿನಿಂದ ಬಂದದ್ದು ಎಂದು ಕೇಳಿದ. ಬ್ಯಾಂಕಲ್ಲ ಎಂದ. ಹಾಗಾದರೆ ಸರ್ವೆ ಆಫೀಸೋ? ಅದೂ ಅಲ್ಲ ಎಂದ. ಸತ್ತು ಐವತ್ತು ವರ್ಷವಾದ ಮನುಷ್ಯನನ್ನು ಯಾರಾದರೂ ಸುಮ್ಮನೆ ಕೇಳುತ್ತಾರೆಯೇ ಎಂದು ಜಾವೀದ ಕಣ್ಣು ಸಣ್ಣ ಮಾಡಿದ. ಫಕೀರೇಶ ಉತ್ತರ ಕೊಡುವ ಗೋಜಿಗೆ ಹೋಗದೆ ಟಿಫಿನ್ ಡಬ್ಬಿ ತೆರೆದು ಬಿಲ್ಲೆಯನ್ನು ಅವನ ಮುಂದೆ ಹಿಡಿದ. ಆಗ ಸುತ್ತಿಗೆ ನಿಂತಿತು.

ಒಳಗೆ ಜಾವೀದನ ತಾಯಿ ಹಾಜರಾಬಿ ಚಾಪೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದರು. ಎಂಬತ್ತರ ಹತ್ತಿರದ ಮುದುಕಿ. ಬಿಲ್ಲೆಯನ್ನು ಕಂಡರು, ಮುಟ್ಟಲಿಲ್ಲ. ಮೊದಲು ಇವನ ಹೆಸರು ಕೇಳಿದರು. ಫಕೀರೇಶ ಎಂದ. ಮುದುಕಿಯ ಕೈಯಲ್ಲಿನ ಮೊರ ಅಲ್ಲೇ ನಿಂತಿತು. ಮಗನ ಕಡೆ ತಿರುಗಿ, ಬಚ್ಚಲಮನೆಯ ಬಾಗಿಲು ಹಾಕು ಎಂದರು.

ಇಪ್ಪತ್ತೆಂಟು ವರ್ಷದ ಸ್ಟೋರ್ ಕೀಪರನ ಎದುರು ಯಾರೂ ಆಡಬಾರದ ಮಾತು ಅದು. ಜಾವೀದ ಏಳುವಷ್ಟರಲ್ಲಿ ಫಕೀರೇಶ ಬಚ್ಚಲಿನ ಹೊಸ್ತಿಲಲ್ಲಿದ್ದ. ಒಲೆಯ ಮೇಲೆ ಒಂದು ಭಾರಿ ತಾಮ್ರದ ಹಂಡೆ ಕೂತಿತ್ತು. ಇಪ್ಪತ್ತು ಜನರ ಸ್ನಾನಕ್ಕಾಗುವ ಹಂಡೆ. ಅದು ತಮ್ಮ ಅಜ್ಜನಿಗೆ, ದಾದಾನಿಗೆ, ಲಡಾಯಿಯಲ್ಲಿ ಗೆದ್ದದ್ದಕ್ಕೆ ಮಿಲಿಟರಿಯವರು ಇನಾಮು ಕೊಟ್ಟ ಹಂಡೆ, ಕೊರಳಿನ ಮೇಲೆ ದಾದಾನ ಮೇಲಧಿಕಾರಿಯ ಹೆಸರೂ ಇದೆ ಎಂದು ಜಾವೀದ ಎದೆಯುಬ್ಬಿಸಿ ಹೇಳಿದ. ಓಣಿಗೆಲ್ಲ ಅದು ಮಿಲಿಟರಿ ಹಂಡೆಯೆಂದೇ ಗೊತ್ತಂತೆ. ಫಕೀರೇಶ ಬಗ್ಗಿ, ಮಸಿ ಒರೆಸಿ, ಚುಕ್ಕೆ ಚುಕ್ಕೆಯಾಗಿ ಕೊರೆದ ಅಕ್ಷರಗಳನ್ನು ಓದಿದ. ‘ಫಕೀರಪ್ಪ, ಬಾಂಡೆ ಅಂಗಡಿ, ಹಳೇ ಹುಬ್ಬಳ್ಳಿ, ಹಂಡೆ ನಂ. ೧.’

ಮೂರು ವಾರದಿಂದ ಊರೆಲ್ಲ ಅಲೆದು ಹುಡುಕಿದ ಅಜ್ಜನ ನಂಬರು ಕೊನೆಗೂ ಸಿಕ್ಕಿತು.

“ನಿಮ್ಮ ಹಂಡೆ ತಮ್ಮಾ ಅದು,” ಎಂದರು ಹಾಜರಾಬಿ, ಬಾಗಿಲಿಗೆ ಬಂದು. ಜಾವೀದ ಬಾಯಿ ತೆರೆದ. ಅವನನ್ನು ಕೈಸನ್ನೆಯಿಂದಲೇ ಸುಮ್ಮನಿರಿಸಿದರು.

ಆ ಕಾಲದಲ್ಲಿ ಲಗ್ನ, ಶಾದಿ ಎಂದರೆ ಇಡೀ ಹಳೇ ಹುಬ್ಬಳ್ಳಿ ದೊಡ್ಡ ಪಾತ್ರೆ ಬಾಂಡೆಗಳನ್ನು ಬಾಡಿಗೆಗೆ ಒಯ್ಯುತ್ತಿದ್ದದ್ದು ಫಕೀರಪ್ಪನ ಅಂಗಡಿಯಿಂದ. ಚೀಟಿ ಬರೆದರೆ ಓದುವವರಾದರೂ ಯಾರು? ಅದಕ್ಕೆ ಒಯ್ಯುವವರು ಮನೆಯ ಒಂದು ವಸ್ತುವನ್ನು ಗುರುತಿಗೆ ಇಟ್ಟು ಹೋಗಬೇಕು, ಬಾಂಡೆ ಮರಳಿಸಿ ಅದನ್ನು ಒಯ್ಯಬೇಕು. ಇದು ಅಂಗಡಿಯ ರಿವಾಜು. ಯುದ್ಧ ಮುಗಿದು ಮನೆಗೆ ಬಂದಿದ್ದ ಇಮಾಮಸಾಬರು ತಂಗಿಯ ಶಾದಿಗೆ ಹಂಡೆ ಒಯ್ದರು, ಹೊಸದಾಗಿ ಬಂದಿದ್ದ ಬಿಲ್ಲೆಯನ್ನು ಗುರುತಿಗೆ ಇಟ್ಟರು. ಶಾದಿಯ ಮರುದಿನ ಹಂಡೆ ಬೆಳಗಿ ಹೊಸ್ತಿಲಿಗೆ ತಂದಾಗ ಇಮಾಮಸಾಬರ ಹೆಂಡತಿ, ಎಂದರೆ ಹಾಜರಾಬಿಯ ಅತ್ತೆ, ಅಡ್ಡ ನಿಂತರಂತೆ.

“ಆ ಬಿಲ್ಲೆ ಮನ್ಯಾಗ ಇದ್ದರ ಮತ್ತ ಲಡಾಯಿಗೆ ಕರೀತಾರ ಅಂತ ನಮ್ಮತ್ತಿಗೆ ಹೆದರಿಕಿ. ಐದು ವರ್ಷ ಒಬ್ಬಾಕಿನ ಕುಂತು ಬಾಗಲ ನೋಡ್ಯಾಳ. ಬಿಲ್ಲೆ ಬ್ಯಾರೇದವರ ಮನ್ಯಾಗ ಇದ್ದಷ್ಟ ದಿನ ಗಂಡ ನನ್ನ ಮನ್ಯಾಗ ಇರತಾನ ಅಂದಳು. ನಿಮ್ಮಜ್ಜ ಹಂಡೆ ಕೇಳಾಕ ಎರಡ ಸಲ ಬಂದ. ಮೂರನೇ ಸಲ ಬಂದಾಗ ನಮ್ಮತ್ತಿ ಅಳಕೋತ ಎಲ್ಲಾ ಹೇಳಿದಳಂತ.”

“ಅಜ್ಜ ಏನಂದರ್ರಿ?”

“‘ಆ ಹಂಡೆ ಸೋರತೈತವ್ವಾ, ಇರ್ಲಿ ಬಿಡು’ ಅಂದನಂತ. ಮತ್ತ ಈ ಓಣಿಗೆ ಬರಲಿಲ್ಲ.” ಹಾಜರಾಬಿ ಹಂಡೆಯ ಹೊಟ್ಟೆಯ ಮೇಲೆ ಕೈಯಾಡಿಸಿದರು. “ಸೋರೂದಿಲ್ಲ ತಮ್ಮಾ. ಇವತ್ತಿಗೂ ಒಂದ ಹನಿ ಸೋರೂದಿಲ್ಲ.”

ಫಕೀರೇಶ ಬಗ್ಗಿ ಕೊರಳಿನ ಅಕ್ಷರಗಳನ್ನು ಇನ್ನೊಮ್ಮೆ ಓದಿದ. ಅಂಗಡಿಯ ಒಂದನೇ ನಂಬರಿನ ಹಂಡೆ. ಅಂಥದ್ದನ್ನು ಬಾಂಡೆ ವ್ಯಾಪಾರದವನೊಬ್ಬ ಒಂದು ಸುಳ್ಳು ಹೇಳಿ ಬಿಟ್ಟು ಹೋಗಿದ್ದ. ಬಿಲ್ಲೆಯನ್ನು ಮಾತ್ರ ಒಬ್ಬ ಹೆಣ್ಣುಮಗಳ ಹೆದರಿಕೆಗಾಗಿ ಜೋಪಾನವಾಗಿ ಇಟ್ಟುಕೊಂಡಿದ್ದ. ಇಮಾಮಸಾಬರು ಆಮೇಲೆ ಯಾವ ಲಡಾಯಿಗೂ ಹೋಗದೆ ಇದೇ ಓಣಿಯಲ್ಲಿ ಟ್ರಂಕು ಬಡಿದು, ಮೊಮ್ಮಕ್ಕಳನ್ನು ಕಂಡು, ಮನೆಯಲ್ಲೇ ಕಣ್ಣು ಮುಚ್ಚಿದರಂತೆ.

ಈಗ ಹೆದರುವವರು ಯಾರೂ ಉಳಿದಿಲ್ಲ, ಬಿಲ್ಲೆ ಮನೆಗೆ ಬರಲಿ, ಹಂಡೆ ಮನೆಗೆ ಹೋಗಲಿ ಎಂದು ಹಾಜರಾಬಿ ತೀರ್ಪು ಕೊಟ್ಟರು. ಆದರೆ ಮೊದಲು ಯಾರು ಕೊಡುವುದು? ಬಿಲ್ಲೆ ಕೊಡಿ ಎಂದ ಜಾವೀದ. ಹಂಡೆ ಹೊಸ್ತಿಲು ದಾಟಲಿ ಎಂದ ಫಕೀರೇಶ. ಇಬ್ಬರೂ ಒಳ್ಳೆಯವರೇ, ಆದರೆ ಸುಮ್ಮನೆ ಕೊಡುವ ಮನುಷ್ಯನನ್ನು ಇಬ್ಬರೂ ಈವರೆಗೆ ಕಂಡಿರಲಿಲ್ಲ. ಕೊನೆಗೆ ಫಕೀರೇಶ ಚೀಲದಿಂದ ಚೀಟಿ ಪುಸ್ತಕ ತೆಗೆದು ಎರಡು ಚೀಟಿ ಬರೆದ. ಅದರ ಮೇಲೆ ಸಹಿ, ಇದರ ಮೇಲೆ ಸಹಿ ಆದ ಮೇಲೆ ಒಂದು ಕೈಯಿಂದ ಬಿಲ್ಲೆ, ಇನ್ನೊಂದು ಕೈಯಿಂದ ಹಂಡೆಯ ಕಿವಿ ಬದಲಾದವು.

ಹಂಡೆ ಓಣಿಗೆ ಬರುತ್ತಲೇ ಕೆಂಪು ಸ್ಕೂಟರ್ ಅಡ್ಡ ಬಂತು. ವಿನೋದ ಇಳಿದವನೇ ಹಂಡೆಯೊಳಗೆ ತಲೆ ಹಾಕಿದ, ಆಮೇಲೆ ಕೈ ಹಾಕಿ ತಳದವರೆಗೆ ತಡಕಾಡಿದ. ಜಮೀನಿನ ಕಾಗದ ಸಿಗಲಿಲ್ಲ, ತೋಳಿನ ತುಂಬ ಸುಣ್ಣ ಹತ್ತಿತು. ಅಜ್ಜನ ಹಂಡೆಯಲ್ಲಿ ತನಗೂ ಅರ್ಧ ಪಾಲು ಬರಬೇಕೆಂದ. ಅರ್ಧ ಭಾರ ಹೊರಲು ಅಡ್ಡಿಯಿಲ್ಲ ಎಂದ ಫಕೀರೇಶ. ಹಾಗೆ ಹಂಡೆಯನ್ನು ಆಟೋ ಸಿಗುವವರೆಗೂ ಇಬ್ಬರು ಮೊಮ್ಮಕ್ಕಳು ಎರಡು ಕಿವಿ ಹಿಡಿದು ಹೊತ್ತರು.

ಆಗಸ್ಟ್ ಹದಿನೈದಕ್ಕೆ ಫಕೀರೇಶ ತಾನಾಗಿಯೇ ಮೈಕಿನ ಮುಂದೆ ನಿಂತ. ತನ್ನ ಅಜ್ಜ ಲಡಾಯಿಗೆ ಹೋಗಿರಲಿಲ್ಲ, ಬಾಂಡೆ ಬಾಡಿಗೆ ಕೊಡುತ್ತಿದ್ದ ಎಂದು ಶುರುಮಾಡಿ, ಹಂಡೆಯ ಕಥೆಯನ್ನೆಲ್ಲ ಹೇಳಿದ. ಇಮಾಮಸಾಬರ ಬಿಲ್ಲೆಯನ್ನು ಎದೆಗೆ ಹಚ್ಚಿಕೊಂಡು ಬಂದಿದ್ದ ಜಾವೀದನಿಗೆ ಸುಬೇದಾರರು ಶಾಲು ಹೊದಿಸಿದರು. ಫಕೀರೇಶ ಹೋಗಿ ಕೊನೆಯ ಸಾಲಿನಲ್ಲಿ ಕೂತ. ಜನ ಚಪ್ಪಾಳೆ ತಟ್ಟಿದರು, ನಂಬಲಿಲ್ಲ. ಅಷ್ಟು ದೊಡ್ಡ ಹಂಡೆಯನ್ನು ಯಾರಾದರೂ ಸುಮ್ಮನೆ ಬಿಡುತ್ತಾರೆಯೇ ಎಂದು ಸೆಕ್ರೆಟರಿ ಪಕ್ಕದವರ ಕಿವಿಯಲ್ಲಿ ಕೇಳಿದರು. ಹೆಂಗಸರ ಸಾಲಿನಲ್ಲಿ ರಾಜೇಶ್ವರಿ ಒಬ್ಬರೇ ಚಪ್ಪಾಳೆ ತಟ್ಟಲಿಲ್ಲ. ಅವರು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಥೆಯ ಒಂದೊಂದು ಮಾತನ್ನೂ ಕೇಳಿದರು.

ಮುಂದಿನ ಭಾನುವಾರ ಸುಬೇದಾರರು ಹೊರಗೆ ಹೋದ ಹೊತ್ತಿನಲ್ಲಿ ರಾಜೇಶ್ವರಿ ರಸ್ತೆ ದಾಟಿ ಬಂದರು. ನೇರ ಜಗಲಿಯ ಹತ್ತಿರ ಹೋದರು. ದ್ಯಾಮವ್ವನ ಮಗ್ಗುಲಿಗೆ ಬಿಲ್ಲೆ ಇದ್ದ ಜಾಗ ಖಾಲಿಯಿತ್ತು. ಸೆರಗಿನ ಗಂಟು ಬಿಚ್ಚಿ ಒಂದು ಹೊಸ ಪದಕ ತೆಗೆದು ಅಲ್ಲಿಟ್ಟರು.

“ಬಸವಕಿರಣಂದು,” ಎಂದರು. “ಹ್ವಾದ ಸಲ ರಜಾಕ್ಕ ಬಂದಾಗ ಇಟ್ಟು ಹೋಗ್ಯಾನ. ನಿಮ್ಮಲ್ಲೇ ಇರ್ಲಿರಿ ಅವ್ವಾರ.”

ಶಿವಬಸವ್ವ ಏನೂ ಕೇಳಲಿಲ್ಲ. ಬೆರಳಿಗೆ ಕುಂಕುಮ ತಗೊಂಡು ಪದಕಕ್ಕೆ ಹಚ್ಚಿದಳು. ಸುಮ್ಮನೆ ಇಡಬಾರದು, ರಿವಾಜಿನಂತೆ ಹಂಡೆ ಕೊಡಿ ಎಂದು ರಾಜೇಶ್ವರಿ ಫಕೀರೇಶನನ್ನು ಕೇಳಿದರು. ರೂಢಿಯಂತೆ ಅವನ ಕೈ ಚೀಟಿ ಪುಸ್ತಕಕ್ಕೆ ಹೋಯಿತು. ಮಾಲು, ಹಂಡೆ ನಂಬರ್ ಒಂದು. ಒಯ್ದವರ ಸಹಿ ಆಯಿತು. ಮರಳಿಸುವ ತಾರೀಖಿನ ಹತ್ತಿರ ಪೆನ್ನು ಬಂದು ನಿಂತಿತು. ರಾಜೇಶ್ವರಿ ಫೋನು ನೋಡಿದರು. ಫಕೀರೇಶ ಪುಸ್ತಕ ಮುಚ್ಚಿದ. ಇಪ್ಪತ್ತೆಂಟು ವರ್ಷದಲ್ಲಿ ಆ ಜಾಗ ಖಾಲಿ ಬಿಟ್ಟದ್ದು ಅದೇ ಮೊದಲು.

ಸಂಜೆ ಏಳರ ಹೊತ್ತಿಗೆ ಸುಬೇದಾರರು ಗೇಟಿನ ಹತ್ತಿರ ಬಂದು ನಿಂತರು. ಮುಖದಲ್ಲಿ ಮೊದಲ ದಿನದ್ದೇ ಸಂಶಯ.

“ನಮ್ಮ ಮನ್ಯಾಗ ನಿಮ್ಮ ಹಂಡೆ ಐತಿ. ನನ್ನ ಮಗನ ಪದಕ ಇಲ್ಲ. ಏನ್ ನಡದೈತ್ರಿ ಇದು?”

ಫಕೀರೇಶ ಒಳಗೆ ಹೋಗಿ ಚೀಟಿ ತಂದು ಕೊಟ್ಟ. ಸುಬೇದಾರರು ಬೀದಿದೀಪದ ಬೆಳಕಿಗೆ ಹಿಡಿದು ಓದಿದರು. ಹೆಂಡತಿಯ ಸಹಿಯನ್ನು ನೋಡಿದರು. ಅದರ ಕೆಳಗಿನ ಖಾಲಿ ಜಾಗವನ್ನು ಬಹಳ ಹೊತ್ತು ನೋಡಿದರು. ಇಂಥದ್ದನ್ನೆಲ್ಲ ತಾನು ನಂಬುವುದಿಲ್ಲ, ಹಂಡೆಯನ್ನು ನಾಳೆ ಬೆಳಿಗ್ಗೆಯೇ ತಂದು ಇಡುತ್ತೇನೆ ಎಂದರು. ಆದರೆ ದನಿಯಲ್ಲಿ ಸುಬೇದಾರಿಕೆ ಇರಲಿಲ್ಲ.

“ಬ್ಯಾಡ್ರಿ ಸಾಹೇಬ್ರ,” ಎಂದ ಫಕೀರೇಶ. “ಆ ಹಂಡೆ ಸೋರತೈತ್ರಿ. ಇರ್ಲಿ ಬಿಡ್ರಿ.”

ಸುಬೇದಾರರು ಸಂಶಯದ ಮನುಷ್ಯ. ಬರುವ ಮೊದಲು ಹಂಡೆಗೆ ಕಂಠಮಟ ನೀರು ತುಂಬಿ, ಅರ್ಧ ಗಂಟೆ ಕುಕ್ಕರಗಾಲಲ್ಲಿ ಕೂತು ತಳ ನೋಡಿಯೇ ಬಂದಿದ್ದರು. ಒಂದು ಹನಿ ಬಿದ್ದಿರಲಿಲ್ಲ. ಅದನ್ನು ಹೇಳಲು ಬಾಯಿ ತೆರೆದರು. ಒಳಗೆ ಜಗಲಿಯ ದೀಪದಲ್ಲಿ ಮಗನ ಪದಕ ಹೊಳೆಯುತ್ತಿತ್ತು.

“ಹೌದ್ರಿ,” ಎಂದರು. “ಸ್ವಲ್ಪ ಸೋರತೈತಿ.”

ಆಮೇಲೆ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು. ಫಕೀರೇಶ ಈ ಸಲ ಲುಂಗಿಯನ್ನು ಎಡಗೈಗೆ ಕೊಟ್ಟು, ಬಲಗೈಯಲ್ಲಿ ಸೆಲ್ಯೂಟ್ ಹೊಡೆದ.